ಎಡಗೈ ನನ್ನದು, ಬಲಗೈ ಅಕ್ಕನದು

ನನಗೆ ಅರವತ್ಮೂರು ವರ್ಷ. ಮನೆಯ ಹೊರಕೋಣೆಯ ಗಾಜಿನ ಕಪಾಟಿನಲ್ಲಿ ನಾಲ್ಕು ರಾಕೆಟ್, ಎರಡು ಚಂದ್ರನೌಕೆ, ಮಂಗಳನ ಮೇಲೆ ಓಡಾಡುವ ಆರು ಗಾಲಿಯ ಒಂದು ಬಂಡಿ ಇವೆ. ಎಲ್ಲವೂ ಪ್ಲಾಸ್ಟಿಕ್ಕಿನ ಪುಟ್ಟ ಇಟ್ಟಿಗೆಗಳನ್ನು ಒಂದಕ್ಕೊಂದು ಒತ್ತಿ ಕಟ್ಟಿದವು. ಕಟ್ಟಿದವನು ನಾನೇ. ಇಷ್ಟನ್ನು ನೇರವಾಗಿ ಒಪ್ಪಿಕೊಳ್ಳಲು ನನಗೆ ಮೂರು ವರ್ಷ ಹಿಡಿಯಿತು. ಮೊದಮೊದಲು ಪಾರ್ಸೆಲ್ ಬಂದಾಗ ಪಕ್ಕದ ಮನೆಯವರು "ಎಂತ ಬಂತು ಮಾರಾಯ್ರೆ?" ಎಂದು ಕೇಳಿದರೆ "ಮಿಕ್ಸರಿನ ಜಾರು" ಅನ್ನುತ್ತಿದ್ದೆ. ಒಂದೇ ವರ್ಷದಲ್ಲಿ ಐದು ಜಾರು ತರಿಸಿದ ಮನೆ ಇಡೀ ಸಿದ್ದಾಪುರದಲ್ಲಿ ನಮ್ಮದೊಂದೇ ಇರಬೇಕು. ಕೊನೆಗೆ ಅವರೇ ಕರುಣೆಯಿಂದ, "ನಿಮ್ಮನೆ ಕರೆಂಟಿನಲ್ಲೇ ಏನೋ ದೋಷ ಇದೆ, ನೋಡಿಸಿ" ಎಂದರು.

ಬಾಹ್ಯಾಕಾಶವೇ ಏಕೆ, ಕಾರು ಕೋಟೆ ಅರಮನೆಗಳೂ ಸಿಗುತ್ತವಲ್ಲ ಎಂದು ನೀವು ಕೇಳಬಹುದು. ನಾನು ಮೂವತ್ತೈದು ವರ್ಷ ಭೂಮಾಪನ ಇಲಾಖೆಯಲ್ಲಿದ್ದವನು. ನನ್ನ ಕೆಲಸದ ಮುಖ್ಯ ಭಾಗ ಹದ್ದುಬಸ್ತು. ಅಂದರೆ ಯಾರ ಜಮೀನು ಎಲ್ಲಿಗೆ ಮುಗಿಯುತ್ತದೆ ಎಂದು ಅಳೆದು, ಅಲ್ಲಿ ಕಲ್ಲು ಹಾಕಿಸಿಕೊಡುವುದು. ಅಳೆದ ದಿನ ಒಬ್ಬ ಬೈಯುತ್ತಿದ್ದ, ಕಲ್ಲು ಹಾಕಿದ ದಿನ ಇನ್ನೊಬ್ಬ. ಅಣ್ಣತಮ್ಮಂದಿರು ಒಂದು ಗೇಣು ಜಾಗಕ್ಕೆ ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ನಿವೃತ್ತನಾದ ಮೇಲೆ ಸರ್ವೆ ನಂಬರೇ ಇಲ್ಲದ ಜಾಗ ಯಾವುದಿದೆ ಎಂದು ಹುಡುಕಿದೆ. ಚಂದ್ರ ಸಿಕ್ಕಿದ.

ನನ್ನ ಅಕ್ಕ ಭಾಗೀರಥಿಗೆ ಈ ತತ್ತ್ವಜ್ಞಾನ ರುಚಿಸಲಿಲ್ಲ. ಅವಳು ನನಗಿಂತ ಏಳು ವರ್ಷ ದೊಡ್ಡವಳು. ಮದುವೆಯಾಗಲಿಲ್ಲ. ಹೆಗ್ಗರಣೆ ಕಡೆಯ ಒಂದು ಹಳ್ಳಿಯ ಅಂಚೆ ಕಚೇರಿಯನ್ನು ಬಹಳ ವರ್ಷ ಒಬ್ಬಳೇ ನಡೆಸಿದಳು. ನನ್ನ ಹೆಂಡತಿ ತೀರಿಕೊಂಡ ಮೇಲೆ, "ನಿಂಗೆ ಅನ್ನ ಬೇಯಿಸಲೆ ಬತ್ತಿಲ್ಲೆ" ಎಂಬ ಒಂದೇ ಕಾರಣ ಕೊಟ್ಟು ನಮ್ಮನೆಗೆ ಬಂದುಬಿಟ್ಟಳು. ನಾನು ಮೇಜಿನ ಮೇಲೆ ಇಟ್ಟಿಗೆ ಹರಡಿಕೊಂಡು ಕೂತರೆ, "ಮುದುಕ ಆದ್ಯಲೋ, ಇನ್ನೂ ಆಟದ ಸಾಮಾನು ತರ್ಸ್ಕತ್ತೆ!" ಎಂದು ಮಂಗಳಾರತಿ ಎತ್ತುತ್ತಿದ್ದಳು. ಆದರೆ ನಾನು ಎದ್ದುಹೋದಾಗ ಬಂದು, ಒಂದು ಕೆಲಸ ತಪ್ಪದೆ ಮಾಡುತ್ತಿದ್ದಳು. ಈ ಪೆಟ್ಟಿಗೆಗಳಲ್ಲಿ ತೀರ ಸಣ್ಣ ತುಂಡುಗಳನ್ನು ಕಂಪನಿಯವರು ಒಂದೆರಡು ಹೆಚ್ಚಾಗಿಯೇ ಹಾಕಿರುತ್ತಾರೆ, ಕಳೆದುಹೋದರೆ ಇರಲಿ ಎಂದು. ಕಟ್ಟಿ ಮುಗಿದಾಗ ಉಳಿದ ಆ ತುಂಡುಗಳನ್ನು ಅಕ್ಕ ಆರಿಸಿ, ಅಂಚೆ ಕಚೇರಿಯ ಕಾಲದ, ಮುದ್ರೆ ಒತ್ತುವ ಮಸಿ ಮೆತ್ತೆಯ ಒಂದು ತಗಡಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಏತಕ್ಕೆಂದು ಕೇಳಿದರೆ, "ಯಾರದ್ದೋ ಸಾಮಾನು ಹೆಚ್ಚಿಗೆ ಬಂದ್ರೆ ಜೋಪಾನ ಇಟ್ಟಿರವು. ಕೇಳಲೆ ಬತ್ತ" ಅನ್ನುತ್ತಿದ್ದಳು. ಚಂದ್ರನೌಕೆಯ ಮೊಳೆ ಕೇಳಿಕೊಂಡು ಯಾರು ಬರುತ್ತಾರೆ ಎಂದು ನಾನು ನಗುತ್ತಿದ್ದೆ.

ಕನ್ನಡದಲ್ಲಿ 'ಕಟ್ಟು' ಎಂಬ ಮಾತಿಗೆ ಎಷ್ಟು ಕೆಲಸ ಹಚ್ಚಿದ್ದೇವೆ ನೋಡಿ. ಮನೆ ಕಟ್ಟುತ್ತೇವೆ, ಮಾಲೆ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ಕರು ಕಟ್ಟುತ್ತೇವೆ, ಇಲ್ಲದ ಕಥೆ ಕಟ್ಟುತ್ತೇವೆ. ಈ ಸಂಭ್ರಮದಲ್ಲಿ ಇನ್ನೊಂದು ಪಟ್ಟಿ ಮರೆತೇ ಹೋಗಿರುತ್ತದೆ. ಗಂಟಲು ಕಟ್ಟುತ್ತದೆ, ಉಸಿರು ಕಟ್ಟುತ್ತದೆ, ಕೊನೆಗೊಂದು ದಿನ ನಾಲ್ಕು ಜನ ಸೇರಿ ಚಟ್ಟವನ್ನೂ ಕಟ್ಟುತ್ತಾರೆ. ಅಕ್ಕನಿಗೆ ಮೂತ್ರ ಕಟ್ಟಿತು. ಕಾಲು ಊದಿತು, ಮುಖ ಊದಿತು. ಶಿರಸಿಯ ಡಾಕ್ಟರು ಕಾಗದ ನೋಡಿ, ಎರಡೂ ಮೂತ್ರಪಿಂಡ ಕೈಕೊಟ್ಟಿವೆ, ಈ ವಯಸ್ಸಿನಲ್ಲಿ ಈ ಹೃದಯದಲ್ಲಿ ಬೇರೆಯದನ್ನು ಹಾಕುವ ಮಾತಿಲ್ಲ, ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕು ಎಂದರು. ನಮ್ಮ ಊರಿನಲ್ಲಿ ಜಾಗ ಸಿಗಲಿಲ್ಲ. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಶಿರಸಿಯಲ್ಲಿ ಒಂದು ಹಾಸಿಗೆ ಸಿಕ್ಕಿತು.

ಡಯಾಲಿಸಿಸ್ ಅಂದರೆ ನಾಲ್ಕು ತಾಸು ಮಲಗಿರುವುದು. ಎಡಗೈಗೆ ಎರಡು ದಪ್ಪ ಸೂಜಿ. ಒಂದರಿಂದ ರಕ್ತ ಹೊರಗೆ ಹೋಗುತ್ತದೆ, ಯಂತ್ರ ಅದನ್ನು ತೊಳೆಯುತ್ತದೆ, ಇನ್ನೊಂದರಿಂದ ಒಳಗೆ ಬರುತ್ತದೆ. ಆ ಕೈ ಅಲ್ಲಾಡಿಸುವಂತಿಲ್ಲ. ಅಕ್ಕ ಗೋಡೆಯ ಗಡಿಯಾರ ನೋಡುತ್ತ ಮಲಗಿರುತ್ತಿದ್ದಳು. ಜೀವಮಾನದಲ್ಲಿ ನಾಲ್ಕು ನಿಮಿಷ ಸುಮ್ಮನೆ ಕೂತವಳಲ್ಲ. ನೋಡಲಾರದೆ ಒಂದು ದಿನ ಸಣ್ಣ ರಾಕೆಟ್ಟಿನ ಪೆಟ್ಟಿಗೆ ಒಯ್ದೆ. ಅಲ್ಲಿದ್ದ ನರ್ಸಮ್ಮ ಹಾವೇರಿ ಕಡೆಯವರು. "ಏನ್ರೀ ಸರ್ ಇದು, ಆಸ್ಪತ್ರಿಯೋ ಅಂಗನವಾಡಿಯೋ?" ಎಂದು ಬೈದು, ಒಂದೊಂದು ತುಂಡನ್ನೂ ಸ್ಪಿರಿಟ್ಟಿನಲ್ಲಿ ಒರೆಸಿದರೆ ಮಾತ್ರ ಎಂದು ಒಪ್ಪಿದರು. ಪೆಟ್ಟಿಗೆಯಲ್ಲಿದ್ದ ಗಗನಯಾತ್ರಿಯ ಪುಟ್ಟ ಗೊಂಬೆಯನ್ನು ಅವರೇ ಕೈಗೆತ್ತಿಕೊಂಡು ಕಂಕುಳವನ್ನೂ ಬಿಡದೆ ಒರೆಸಿದರು.

ಇಟ್ಟಿಗೆ ಜೋಡಿಸಲು ಎರಡು ಕೈ ಬೇಕು. ಅಕ್ಕನಿಗೆ ಇದ್ದದ್ದು ಬಲಗೈ ಒಂದೇ. ನಾನು ಎರಡೂ ಕೈ ಹಾಕಿ ಕಟ್ಟಿ ತೋರಿಸಲು ಹೊರಟರೆ ಅವಳು ರೇಗಿದಳು. "ನೀ ಒಂದೇ ಕೈ ಹಾಕು. ಯಂಗೆ ಇಪ್ಪದೂ ಒಂದೇ. ಸಮಾ ಆತು." ಹಾಗಾಗಿ ನನ್ನ ಎಡಗೈ ಕೆಳಗಿನ ತುಂಡನ್ನು ಹಿಡಿಯುವುದು, ಅವಳ ಬಲಗೈ ಮೇಲಿನದನ್ನು ಒತ್ತುವುದು ಎಂದು ನಿಯಮವಾಯಿತು. ನನ್ನ ಬಲಗೈಗೆ ಕೆಲಸವಿಲ್ಲ, ಅಂಗಿಯ ಜೇಬಿನಲ್ಲಿ ಬಿದ್ದಿರುತ್ತಿತ್ತು. ಮೊದಲ ದಿನ ನಾಲ್ಕು ತಾಸಿಗೆ ರಾಕೆಟ್ಟಿನ ಬುಡ ಮಾತ್ರ ಆಯಿತು. ನಾನು ಹಿಡಿದದ್ದು ಓರೆ ಎಂದು ಅವಳು, ಅವಳು ಒತ್ತಿದ್ದು ಜೋರಾಯಿತು ಎಂದು ನಾನು. ಚಿಕ್ಕಂದಿನಲ್ಲಿ ಜಗಳಾಡಿದ್ದೇ ಕೊನೆ, ಅಷ್ಟು ಚೆನ್ನಾಗಿ ಆಮೇಲೆ ನಾವು ಜಗಳಾಡಿಯೇ ಇರಲಿಲ್ಲ. ಪಕ್ಕದ ಹಾಸಿಗೆಯವರು ಮೊಬೈಲು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು.

ಹೀಗೆ ಒಂದು ವರ್ಷ ಕಳೆಯಿತು. ಆಮೇಲೆ ಅಕ್ಕನ ದೇಹ ಸೋಲತೊಡಗಿತು. ಯಂತ್ರ ಓಡುತ್ತಿರುವಾಗಲೇ ರಕ್ತದೊತ್ತಡ ಬೀಳುತ್ತಿತ್ತು, ಮೀನಖಂಡ ಹಿಡಿದುಕೊಂಡು ಅವಳು ಹಲ್ಲು ಕಚ್ಚುತ್ತಿದ್ದಳು. ಮನೆಗೆ ಬಂದರೆ ಮರುದಿನ ಪೂರ್ತಿ ಏಳಲಾಗುತ್ತಿರಲಿಲ್ಲ. ಹೆಚ್ಚು ನೀರು ಕುಡಿಯುವಂತಿರಲಿಲ್ಲ, ಲೋಟದಲ್ಲಿ ಅಳೆದು ಕೊಡುತ್ತಿದ್ದವನು ನಾನು. ಬಾಯಾರಿದ ಅಕ್ಕನೆದುರು ನೀರು ಅಳೆದದ್ದೇ ನಾನು ಮಾಡಿದ ಅತ್ಯಂತ ಕೆಟ್ಟ ಸರ್ವೆ. ಡಾಕ್ಟರು ವಾರಕ್ಕೆ ಮೂರು ಸಲ ಬನ್ನಿ ಎಂದರು. ಅಂದು ಕಾರಿನಲ್ಲಿ ಅಕ್ಕ, "ಸಾಕಾತು ಮಾರಾಯಾ. ಇನ್ನು ಆನು ಬತ್ನಿಲ್ಲೆ" ಎಂದಳು. ಬಿಟ್ಟರೆ ಏನಾಗುತ್ತದೆಂದು ಡಾಕ್ಟರನ್ನು ಅವಳು ಮೊದಲೇ ಕೇಳಿಕೊಂಡಿದ್ದಳು. ಎರಡು ವಾರ, ಹೆಚ್ಚೆಂದರೆ ಮೂರು.

ನಾನು ಅತ್ತೆ, ಕೂಗಾಡಿದೆ, ಎರಡು ದಿನ ಊಟ ಬಿಟ್ಟೆ. ಕೊನೆಗೆ ನಾಚಿಕೆ ಬಿಟ್ಟು ಆಸೆ ತೋರಿಸಿದೆ. ಆಗಷ್ಟೇ ದೊಡ್ಡ ಬಾಹ್ಯಾಕಾಶ ನಿಲ್ದಾಣದ ಪೆಟ್ಟಿಗೆ ಬಂದಿತ್ತು. ಅದರೊಳಗೆ ನಂಬರು ಹಾಕಿದ ಹದಿನಾಲ್ಕು ಪೊಟ್ಟಣ. "ಇದನ್ನೊಂದು ಕಟ್ಟಿಬಿಡೋಣ ಅಕ್ಕಾ" ಎಂದೆ. ಅವಳು ಪೆಟ್ಟಿಗೆಯನ್ನು ಕೈಯಲ್ಲೆತ್ತಿ ತೂಕ ನೋಡಿದಳು. "ಆತು. ಇದು ಮುಗಿವರೆಗೆ ಬತ್ತೆ, ವಾರಕ್ಕೆ ಎರಡೇ ಸಲ. ಮುಗುದ ಮೇಲೆ ನೀ ಯನ್ನ ಕರೀಲಾಗ."

ಆ ದಿನದಿಂದ ನಾನು ಜಗತ್ತಿನ ಅತಿ ನಿಧಾನದ ಕಟ್ಟಡ ಕಂತ್ರಾಟುದಾರನಾದೆ. ಪುಟ ತಪ್ಪಿ ತಿರುಗಿಸಿದೆ. ಚಿತ್ರ ಅರ್ಥವಾಗಲಿಲ್ಲ ಎಂದೆ. ಆ ಪುಸ್ತಕದಲ್ಲಿ ಅಕ್ಷರವೇ ಇರುವುದಿಲ್ಲ, ಬರೀ ಚಿತ್ರ, ಓದು ಬಾರದವರಿಗೂ ತಿಳಿಯುತ್ತದೆ. ಮೂವತ್ತೈದು ವರ್ಷ ನಕ್ಷೆ ಓದಿದವನಿಗೆ ತಿಳಿಯಲಿಲ್ಲವಂತೆ! ಆದರೂ ಪೊಟ್ಟಣಗಳು ಖಾಲಿಯಾಗುತ್ತ ಬಂದವು. ಹತ್ತನೆಯದು ಒಡೆದ ದಿನ, ಸೌರಫಲಕಗಳನ್ನು ನಿಲ್ದಾಣಕ್ಕೆ ಸೇರಿಸುವ ಒಂದು ಬೂದು ಬಣ್ಣದ ಸಣ್ಣ ಕೀಲನ್ನು ನನ್ನ ಬಲಗೈ ಮೆಲ್ಲಗೆ ಎತ್ತಿ ಜೇಬಿಗೆ ಇಳಿಸಿತು. "ಒಂದು ಕಡಿಮೆ ಬಂದಿದೆ. ಕಂಪನಿಗೆ ಬರೆಯುತ್ತೇನೆ, ಕಳಿಸಲು ಮೂರು ವಾರ ಬೇಕಂತೆ" ಎಂದೆ. ಅಕ್ಕ "ಹೌದನಾ" ಎಂದಳು, ಅಷ್ಟೇ. ಮೂರು ವಾರ ಸಿಕ್ಕಿತು. ಆ ಮೂರು ವಾರದ ಆರು ಸಲವೂ ಅವಳು ಹಲ್ಲು ಕಚ್ಚಿದ್ದನ್ನು ನೋಡುತ್ತ ನಾನು ಪಕ್ಕದಲ್ಲಿ ಕೂತಿದ್ದೆ. ಸಂತೋಷವಾಗಿದ್ದೆ ಅಂತಲೂ ಹೇಳಬೇಕು. ಆಮೇಲೆ ಕಂಪನಿಯಿಂದ ಬಂತೆಂದು ಅದೇ ಕೀಲನ್ನು ತೆಗೆದುಕೊಟ್ಟೆ. ಹನ್ನೆರಡನೆಯ ಪೊಟ್ಟಣದಲ್ಲಿ ಮತ್ತೊಂದು ಕೀಲು ಕದ್ದೆ.

ಆಗ ಅಕ್ಕ ದಿಂಬಿನ ಬದಿಯಿಂದ ಆ ತಗಡಿನ ಡಬ್ಬಿ ತೆಗೆದಳು. ಒಂದೇ ಕೈಯಲ್ಲಿ ಮುಚ್ಚಳ ಎಬ್ಬಿಸಿ, ಹುಡುಕಿ, ಬೂದು ಬಣ್ಣದ ಕೀಲೊಂದನ್ನು ನನ್ನೆದುರು ಇಟ್ಟಳು. "ಇದೇ ಅಲ್ದಾ?" ಅದೇ. ಕದಿಯಲು ಜೇಬಿಗೆ ಹಿಡಿಸುವ ತುಂಡನ್ನೇ ಆರಿಸಿಕೊಂಡಿದ್ದೆ, ಪ್ರತಿ ಪೆಟ್ಟಿಗೆಯಲ್ಲಿ ಹೆಚ್ಚಿಗೆ ಉಳಿಯುತ್ತಿದ್ದದ್ದೂ ಅಂಥ ಸಣ್ಣ ತುಂಡುಗಳೇ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. "ಇಷ್ಟು ವರ್ಷ ಹೆಚ್ಚಿಗೆ ಕಳಿಸ್ತಿದ್ದ ಕಂಪನಿ, ಆನು ಸಾಯಲೆ ಹೊರಟಾಗ ಕಡಿಮೆ ಕಳಿಸಲೆ ಶುರು ಮಾಡಿದ್ದಾ?" ಎಂದು ನಕ್ಕಳು. ಅವಳು ಮತ್ತೆ ಹೇಳಿದಳು: "ತಮ್ಮಾ, ಊರಿಗೆಲ್ಲ ಹದ್ದು ತೋರಿಸಿಕೊಟ್ಟವ ನೀನು. ಯನ್ನ ಹದ್ದು ಎಲ್ಲಿದ್ದು ಹೇಳಿ ಯಂಗೆ ಗೊತ್ತಿದ್ದು. ಕಲ್ಲು ಹಾಕಲೆ ಬಿಡು."

ಹದ್ದುಬಸ್ತಿನಲ್ಲಿ ಪಕ್ಕದ ಜಮೀನಿನವನಿಗೆ ನೋಟೀಸು ಕೊಡುವುದುಂಟು, ಅವನು ತಕರಾರು ಹೇಳುವುದೂ ಉಂಟು. ಆದರೆ ಪಕ್ಕದವನ ಕಣ್ಣೀರು ನೋಡಿ ನಾನು ಯಾವತ್ತೂ ಕಲ್ಲನ್ನು ಆಚೀಚೆ ಸರಿಸಿದವನಲ್ಲ. ಆ ಕೀಲನ್ನು ಎಡಗೈಯಲ್ಲಿ ಹಿಡಿದೆ. ಅವಳು ಬಲಗೈಯಲ್ಲಿ ಒತ್ತಿದಳು. ಮುಂದಿನ ಎರಡು ವಾರದಲ್ಲಿ ನಿಲ್ದಾಣ ಮುಗಿಯಿತು, ನರ್ಸಮ್ಮ ಫೋಟೋ ತೆಗೆದರು, ನಾವು ಅದನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು ಸಿದ್ದಾಪುರಕ್ಕೆ ಬಂದೆವು. ಆಮೇಲೆ ಅಕ್ಕ ಶಿರಸಿಗೆ ಹೋಗಲಿಲ್ಲ. ಹತ್ತೊಂಬತ್ತು ದಿನ ಇದ್ದಳು. ಬೇಕಾದಷ್ಟು ನೀರು ಕುಡಿದಳು.

ಆದರೆ ನಾನು ಉಡದಂತೆ ಹಿಡಿದುಕೊಂಡಿದ್ದ ಇನ್ನೊಂದು ವಿಷಯ ಇತ್ತು, ಅದನ್ನು ಹೇಳದೆ ಈ ಬರಹ ಮುಗಿಸಿದರೆ ಸುಳ್ಳಾಗುತ್ತದೆ. ಅಕ್ಕ ಡಯಾಲಿಸಿಸ್ ನಿಲ್ಲಿಸಿದ ಮೇಲಿನ ಮೊದಲ ಮಂಗಳವಾರ ನರ್ಸಮ್ಮ ಫೋನು ಮಾಡಿದರು. "ಅಮ್ಮಾರು ಬರ್ತಾರೇನ್ರಿ ಸರ್?" "ಶುಕ್ರವಾರ ಬರ್ತಾರೆ" ಎಂದೆ. ಶುಕ್ರವಾರ ಮತ್ತೆ ಕೇಳಿದರು. ಮಂಗಳವಾರ ಖಂಡಿತ ಬರ್ತಾರೆ ಎಂದೆ. ಆಗ ಅವರು, ಯಲ್ಲಾಪುರದ ಒಬ್ಬ ಲಾರಿ ಡ್ರೈವರ್, ಹೆಸರು ರಫೀಕ್, ಹಾಸಿಗೆ ಸಿಗದೆ ಹುಬ್ಬಳ್ಳಿಗೆ ಓಡಾಡುತ್ತಿದ್ದಾನೆ, ಜಾಗ ಖಾಲಿಯಾದರೆ ಅವನಿಗೆ ಕೊಡಬಹುದಿತ್ತು ಎಂದರು. ನಾನು ಫೋನು ಇಟ್ಟೆ. ಹಾಸಿಗೆ ಹೋದರೆ ಅಕ್ಕನಿಗೆ ಮನಸ್ಸು ಬದಲಾದ ದಿನ ಎಲ್ಲಿಗೆ ಕರೆದೊಯ್ಯಲಿ ಎಂಬುದು ನನ್ನ ವಾದ. ಆ ವಾದದ ಮೇಲೆ ಮಂಗಳವಾರ, ಶುಕ್ರವಾರ ಎರಡೂ ದಿನ ಆ ಹಾಸಿಗೆ ಖಾಲಿ ಬಿದ್ದಿತ್ತು.

ಮೂರನೆಯ ಸಲ ಫೋನು ಬಂದಾಗ ನಾನು ಅಡುಗೆ ಮನೆಯಲ್ಲಿದ್ದೆ, ಅಕ್ಕನೇ ಎತ್ತಿದಳು. ಎಲ್ಲ ಕೇಳಿಕೊಂಡಳು. ನನ್ನನ್ನು ಕರೆದು, "ಆನು ಬಿಟ್ಟ ಜಾಗಕ್ಕೆ ನೀ ಎಂತಕ್ಕೆ ಬೇಲಿ ಹಾಕ್ತೆ?" ಎಂದು ಕೇಳಿದಳು. ಅವಳ ಮುಖದಲ್ಲಿ ಅಂದು ಕಂಡ ಸಿಟ್ಟನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಇಲಾಖೆಯಲ್ಲಿ ಇದಕ್ಕೆ ಒತ್ತುವರಿ ಅನ್ನುತ್ತಾರೆ. ಮಾಡಿದವರಿಗೆ ನಾನೇ ಎಷ್ಟೋ ಸಲ ಬುದ್ಧಿ ಹೇಳಿದ್ದೆ. ಅಲ್ಲೇ, ಅವಳೆದುರೇ ಫೋನು ಮಾಡಿ, ಹಾಸಿಗೆ ಅವರಿಗೆ ಕೊಡಿ ಎಂದೆ. ನಾನು ಫೋನು ಇಡುವ ಮೊದಲೇ ಅಕ್ಕ ವಿಚಾರಣೆ ಶುರು ಮಾಡಿದ್ದಳು.

"ಅಂವಂಗೆ ಯಾವ ಕೈಗೆ ಸೂಜಿ, ಕೇಳು."

ಎಡಗೈಗೆ.

"ಅಂವನ ಸಂತಿಗೆ ಆಸ್ಪತ್ರೆಗೆ ಯಾರು ಬತ್ತ?"

ಹೆಂಡತಿ ಬರುತ್ತಾಳಂತೆ.

"ಹಂಗಾರೆ ಸಾಕು. ಕಪಾಟಿನಲ್ಲಿ ಒಡೆಯದ್ದು ಒಂದು ಸಣ್ಣ ಪೆಟ್ಟಿಗೆ ಇದ್ದಲಾ, ಅದನ್ನು ಒಯ್ದು ಕೊಡು."

ಶುಕ್ರವಾರ ಅಕ್ಕನ ಹತ್ತಿರ ಪಕ್ಕದ ಮನೆಯವರನ್ನು ಕೂರಿಸಿ ನಾನೊಬ್ಬನೇ ಶಿರಸಿಗೆ ಹೋದೆ. ಅಕ್ಕನ ಹಾಸಿಗೆಯ ಮೇಲೆ ದಪ್ಪ ಮೀಸೆಯ ಮನುಷ್ಯನೊಬ್ಬ ಗಡಿಯಾರ ನೋಡುತ್ತ ಮಲಗಿದ್ದ. ಪಕ್ಕದಲ್ಲಿ ಅವನ ಹೆಂಡತಿ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪೆಟ್ಟಿಗೆ ಕೊಟ್ಟೆ. ಅವನ ಬಲಗೈ, ಅವಳ ಎಡಗೈ, ಹೀಗೆ ಹಿಡಿಯಬೇಕು, ಹೀಗೆ ಒತ್ತಬೇಕು ಎಂದು ತೋರಿಸಿದೆ. ಅವರಿಬ್ಬರೂ ನನಗೆ ತಲೆ ಸರಿ ಇದೆಯೋ ಇಲ್ಲವೋ ಎಂಬಂತೆ ನೋಡಿದರು. ನಾಲ್ಕು ತುಂಡು ಸೇರಿದ ಮೇಲೆ ರಫೀಕ್ ತಲೆಯೆತ್ತಿದ.

"ಇದನ್ನ ಕಟ್ಟಿ ಮುಗಿಸ್ಲಿಕ್ಕೆ ಎಷ್ಟ್ ದಿನ ಬೇಕ್ರಿ ಸಾಹೇಬ್ರ?"

"ಎರಡು ಸಲ ಕೂತರೆ ಮುಗಿಯುತ್ತದೆ" ಎಂದೆ. "ಮುಗಿಸಿ. ಇನ್ನೊಂದು ತಂದುಕೊಡುತ್ತೇನೆ."