ಹೊಗೆ ಕಂಡು ಕಿರುಚಿದ ಯಂತ್ರ

ವಿಜ್ಞಾನ ಕಲಿತವರು ಕಣ್ಣಾರೆ ಕಂಡದ್ದನ್ನಷ್ಟೇ ನಂಬುತ್ತಾರೆ ಎಂಬುದು ಜಗತ್ತಿನ ನಂಬಿಕೆ. ಆ ಜಗತ್ತು ಹೈದರಾಬಾದಿನ ಸನತ್‌ನಗರದ ಒಂದು ಶಾಲೆಯ ತನಕ ಇನ್ನೂ ಬಂದಿಲ್ಲ.

ಅಲ್ಲಿನ ವಿಜ್ಞಾನ ಪ್ರದರ್ಶನಕ್ಕೆ ಮೂವರು ತೀರ್ಪುಗಾರರು, ಅವರಲ್ಲಿ ನಾನೊಬ್ಬ. ಯಾದಗಿರಿ ಕಡೆಯಿಂದ ಬಂದ ಗಾರೆ ಕೆಲಸದವರ ಮಗಳು, ಒಂಬತ್ತನೇ ತರಗತಿಯ ಮಲ್ಲಮ್ಮ, ಅಂಗೈಯಗಲದ ಅಗ್ಗದ ಕಂಪ್ಯೂಟರಿಗೆ ಸೆನ್ಸರ್ ಜೋಡಿಸಿ, ಪ್ರೋಗ್ರಾಮನ್ನೂ ತಾನೇ ಬರೆದಿದ್ದಳು. ಹೊಗೆ ಬಂದರೆ ಅದು ಕಿರುಚಬೇಕು. ಗೆದ್ದರೆ ಅವಳು ಜಿಲ್ಲಾ ಮಟ್ಟಕ್ಕೆ; ಸೋತರೆ ಕಂಪ್ಯೂಟರ್ ಮತ್ತೆ ಶಾಲೆಯ ಬೀರುವಿಗೆ.

ಹೊಸ ಯಂತ್ರವನ್ನು ಪೂಜೆಯಿಲ್ಲದೆ ಚಾಲೂ ಮಾಡುವುದುಂಟೇ? ಮುಖ್ಯೋಪಾಧ್ಯಾಯರು ಅದಕ್ಕೆ ಕುಂಕುಮವಿಟ್ಟು, ಹೂವೇರಿಸಿ, ಐದು ಊದುಬತ್ತಿಗಳನ್ನು ಪರಮ ಭಕ್ತಿಯಿಂದ ಬೆಳಗತೊಡಗಿದರು. ಮೂರನೇ ಸುತ್ತಿಗೆ ಯಂತ್ರ ಇಡೀ ಶಾಲೆ ಬೆಚ್ಚುವಂತೆ ಕಿರುಚಿತು.

“ಅಪಶಕುನಂ! ಬಂದ್ ಚೆಯ್ಯಮ್ಮಾ!” ಎಂದು, ಯಂತ್ರ ನಿಲ್ಲಿಸುವಂತೆ ಅವರು ತೆಲುಗಿನಲ್ಲಿ ಗುಡುಗಿದರು.

ನಾನು ಕನ್ನಡದವನೆಂದು ಆಗಲೇ ತಿಳಿದಿದ್ದ ಮಲ್ಲಮ್ಮ ನನ್ನತ್ತ ತಿರುಗಿದಳು. “ಯಂತ್ರ ಬರೊಬ್ಬರಿ ಐತ್ರಿ ಸರ. ಊದಿನಕಡ್ಡಿ ಆರಸ್ರಿ ಅಂತ ಅವರಿಗೆ ಹೇಳ್ರಿ, ತಾನ ಸುಮ್ಮನಾಗ್ತೈತಿ.”

ಹೇಳಿದೆ. ದೇವರಿಗೆ ಹಚ್ಚಿದ್ದನ್ನು ಆರಿಸುವ ಪಾಪ ಯಾರಿಗೆ ಬೇಕು? ಅವರು ಯಂತ್ರದ ಪ್ಲಗ್ಗನ್ನೇ ಕಿತ್ತು, ಉಳಿದ ಸುತ್ತುಗಳನ್ನು ಶಾಂತವಾಗಿ ಮುಗಿಸಿದರು.

ನಾನು ಪೂರ್ತಿ ಅಂಕ ಕೊಟ್ಟೆ. ಉಳಿದ ಇಬ್ಬರು ‘ಗದ್ದಲ ಹೆಚ್ಚು’ ಎಂದು ಬರೆದರು. ಪಕ್ಕದ ಮೇಜಿನ ಮೇಲೆ ಇನ್ನೊಬ್ಬ ವಿದ್ಯಾರ್ಥಿ ಥರ್ಮೋಕೋಲಿನಲ್ಲಿ ಮಾಡಿಟ್ಟಿದ್ದ ಕಂಪ್ಯೂಟರ್ ಜಿಲ್ಲಾ ಮಟ್ಟಕ್ಕೆ ಹೋಯಿತು.