ಗೋಡೆಯ ಒಂಬತ್ತು ಸಾಲು ಮತ್ತು ನಮ್ಮಜ್ಜಿ

ಹೋದ ತಿಂಗಳು ಚಿಂತಾಮಣಿಯ ನಮ್ಮ ಮನೆಯ ಕಿಟಕಿ ಸರಳುಗಳಿಗೆ ನೀಲಿ ಬಣ್ಣ ಹೊಡೆಸಿದೆ. ಪೇಂಟರ್ ಡಬ್ಬದ ಮುಚ್ಚಳ ಎಬ್ಬಿಸಿ, ಟರ್ಪೆಂಟೈನ್ ಸುರಿದು, ಕಡ್ಡಿಯಿಂದ ಕಲಸತೊಡಗಿದ ಕೂಡಲೇ ಆ ವಾಸನೆ ನಡುಮನೆಗೆ ಬಂತು. ಶಾಲೆಯ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದ ನಾನು ಪೆನ್ನು ಕೆಳಗಿಟ್ಟೆ. ಯಾರೋ ಕೆನ್ನೆಗೆ ಹೊಡೆದಂತಾಗಿ ಕಣ್ಣಲ್ಲಿ ನೀರು ಬಂತು. ಹೊಸ ಬಣ್ಣದ ವಾಸನೆ ಕೆಲವರಿಗೆ ಮದುವೆ ಮನೆಯನ್ನು ನೆನಪಿಸುತ್ತದಂತೆ. ನನಗೆ ಅದು ಗೌರಿಬಿದನೂರಿನ ಒಂದು ಕ್ರೈಸ್ತ ಪ್ರಾರ್ಥನಾ ಮಂದಿರದ ಗೋಡೆಯನ್ನು ನೆನಪಿಸುತ್ತದೆ. ಆ ಗೋಡೆಯ ಮೇಲೆ ಇದೇ ನೀಲಿಯಲ್ಲಿ 'ನಾವು ನಂಬುವ ಸತ್ಯಗಳು' ಎಂಬ ತಲೆಬರಹದ ಕೆಳಗೆ ಒಂಬತ್ತು ಸಾಲು ಬರೆದಿದ್ದರು. ಪ್ರತಿ ವರ್ಷ ಡಿಸೆಂಬರಿಗೆ ಮುಂಚೆ ಅಕ್ಷರಗಳ ಮೇಲೆ ಮತ್ತೊಮ್ಮೆ ಬಣ್ಣ ತೀಡುತ್ತಿದ್ದರು. ಮಕ್ಕಳಾದ ನಾವು ಗೋಡೆಗೆ ಹತ್ತಿರವೇ ಚಾಪೆಯ ಮೇಲೆ ಕೂತು, ಆ ವಾಸನೆ ಕುಡಿಯುತ್ತ, ಒಂದೊಂದೇ ಸಾಲನ್ನು ಬಾಯಿಪಾಠ ಮಾಡುತ್ತಿದ್ದೆವು.

ನಾವು ಹುಟ್ಟಿನಿಂದ ಆ ಮಂದಿರದವರಲ್ಲ. ತೊಂಡೇಬಾವಿ ಸ್ಟೇಷನ್ನಿನಿಂದ ಎರಡು ಮೈಲಿ ಒಳಗಿನ ಊರು ನಮ್ಮದು. ಹೆಂಚಿನ ಮನೆ, ಹಿಂದೆ ಹಿಪ್ಪುನೇರಳೆ ತೋಟ, ತೋಟದ ನಡುವೆ ಪಂಪ್‌ಹೌಸು, ಅದರ ಪಕ್ಕದಲ್ಲಿ ನೀರು ಬೀಳುವ ಸಿಮೆಂಟ್ ತೊಟ್ಟಿ. ರೇಷ್ಮೆ ಹುಳು ಬಲಿಯುವ ದಿನಗಳಲ್ಲಿ ಮನೆಯೆಲ್ಲ ಹಸಿ ಸೊಪ್ಪಿನ ವಾಸನೆ. ಸಾವಿರಾರು ಹುಳುಗಳು ಒಟ್ಟಿಗೆ ಎಲೆ ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಆ ಮನೆಯನ್ನು ನಡೆಸುತ್ತಿದ್ದವಳು ಅಪ್ಪನ ತಾಯಿ, ನಮ್ಮಜ್ಜಿ. ಹಿಂದೂಪುರದ ಕಡೆಯವಳು. ಸಿಟ್ಟು ಬಂದರೂ ಮುದ್ದು ಬಂದರೂ ಬಾಯಿಗೆ ತೆಲುಗೇ ಬರುತ್ತಿತ್ತು. ನನ್ನನ್ನು ಸಾಕಿದವಳು ಅವಳೇ. ನನಗೆ ನಾಲ್ಕು ವರ್ಷವಿದ್ದಾಗ ಅಮ್ಮನಿಗೆ ಹುಟ್ಟಿದ ಗಂಡುಮಗು ಎಂಟೇ ದಿನಕ್ಕೆ ಹೋಯಿತು. ಆಮೇಲೆ ಅಮ್ಮ ಬಹಳ ದಿನ ಯಾರ ಜೊತೆಗೂ ಮಾತಾಡಲಿಲ್ಲ.

ಇಲ್ಲೊಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಒಂದೇ ಕಡೆಗೆ ಹರಿದಂತಾಗುತ್ತದೆ. ಅಮ್ಮನನ್ನು ಆ ಮಂದಿರಕ್ಕೆ ಅಟ್ಟಿದವರು ನಮ್ಮ ನೆಂಟರೇ. ಮಗು ಕಳೆದುಕೊಂಡವಳು ಎಂದು ಅವಳನ್ನು ಯಾರ ಮನೆಯ ನಾಮಕರಣಕ್ಕೂ ಕರೆಯುತ್ತಿರಲಿಲ್ಲ. ಕರೆದರೂ ತೊಟ್ಟಿಲ ಹತ್ತಿರ ನಿಲ್ಲಲು ಬಿಡುತ್ತಿರಲಿಲ್ಲ. ಒಮ್ಮೆ ಮಂಚೇನಹಳ್ಳಿಯಲ್ಲಿ ನಮ್ಮ ಚಿಕ್ಕತ್ತೆ ಎಲ್ಲರೆದುರಿಗೆ ಅಮ್ಮನ ಕೈಯಿಂದ ಆರತಿ ತಟ್ಟೆ ಕಸಿದುಕೊಂಡಳು. ಆ ವಾರವೇ ರೈಲಿನಲ್ಲಿ ಪರಿಚಯವಾಗಿದ್ದ ಇಬ್ಬರು ಹೆಂಗಸರು ನಮ್ಮ ಮನೆಗೆ ಬಂದರು. ಉಪದೇಶ ಮಾಡಲಿಲ್ಲ. ಒಬ್ಬಳು ಅಮ್ಮನ ಪಕ್ಕ ಕೂತು ಕೈ ಹಿಡಿದುಕೊಂಡಳು. ಇನ್ನೊಬ್ಬಳು ಪೊರಕೆ ತಗೊಂಡು ಅಂಗಳ ಗುಡಿಸಿದಳು. ಮೂರು ದಿನ ಹೀಗೇ ಬಂದರು. ಮೂರನೇ ದಿನ ಅಮ್ಮ ಅತ್ತಳು. ಮರುವಾರ ನನ್ನ ಕೈ ಹಿಡಿದುಕೊಂಡು ಬೆಳಗಿನ ಪ್ಯಾಸೆಂಜರ್ ಹತ್ತಿ ಗೌರಿಬಿದನೂರಿಗೆ ಹೊರಟಳು. ಅಪ್ಪ ಅಡ್ಡ ಬರಲಿಲ್ಲ. "ಅವಳಿಗೆ ನಿದ್ದೆ ಬಂದ್ರೆ ಸಾಕು ಕಣಮ್ಮ" ಎಂದಷ್ಟೇ ಅಜ್ಜಿಗೆ ಹೇಳಿದ.

ಅಜ್ಜಿ ಏನು ಮಾಡಿದಳು ಗೊತ್ತೇ? ಅಮ್ಮ ದೀಕ್ಷಾಸ್ನಾನ ಮಾಡಿಸಿಕೊಂಡು, ಕುಂಕುಮ ಬಿಟ್ಟು, ದೇವರಿಗೆ ಎಡೆ ತೋರಿಸಿದ ಅಡುಗೆ ಉಣ್ಣುವುದಿಲ್ಲ ಎಂದಾಗ ನೆಂಟರು ಕುಣಿದಾಡಿದರು. ಅಜ್ಜಿ ಮಾತ್ರ ಹಬ್ಬದ ದಿನ ಸಾರು, ಪಾಯಸ, ವಡೆ ಎಲ್ಲ ಆದ ಮೇಲೆ ದೇವರಿಗಿಂತ ಮುಂಚೆ ಒಂದು ತಟ್ಟೆಗೆ ಬಡಿಸಿ, ಮುಚ್ಚಿ, ಅಮ್ಮನ ಕೋಣೆಯಲ್ಲಿ ಇಟ್ಟು ಬರುತ್ತಿದ್ದಳು. ಪಿತೃಪಕ್ಷದಲ್ಲೂ ಹಾಗೇ. ಸತ್ತ ಹಿರಿಯರಿಗೆ ಎಡೆ ಇಡುವ ಮುಂಚೆ ಆ ಅಡುಗೆಯನ್ನು ಯಾರೂ ಮುಟ್ಟಬಾರದು. ನಮ್ಮ ಕಡೆ ಅದು ದೊಡ್ಡ ತಪ್ಪು. ಎಪ್ಪತ್ತು ವರ್ಷ ಆ ನೇಮ ಪಾಲಿಸಿದ ಹೆಂಗಸು ಸೊಸೆಗೋಸ್ಕರ ಪ್ರತಿ ವರ್ಷ ಅದನ್ನು ಮುರಿದಳು. ಚಿಕ್ಕತ್ತೆ ರೇಗಿದಾಗ, "ಹಿರೀಕರು ನಮ್ಮೋರೇ ಅಲ್ವೇನೇ, ಒಂದು ಗಳಿಗೆ ಕಾಯ್ತಾರೆ ಬಿಡು. ಇವಳು ಹಸ್ಕೊಂಡಿರೋದು ಬೇಡ" ಎಂದಳು. ಅಮ್ಮ ಆ ತಟ್ಟೆಯ ಮುಂದೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಊಟ ಮಾಡುತ್ತಿದ್ದಳು. ಒಂದೇ ಸೂರಿನ ಕೆಳಗೆ ಇಬ್ಬರ ದೇವರಿಗೂ ಜಾಗ ಸಾಲದೆ ಬಂದದ್ದನ್ನು ನಾನು ಆ ಮನೆಯಲ್ಲಿ ನೋಡಲಿಲ್ಲ.

ಆದರೆ ಗೋಡೆಯ ಒಂಬತ್ತು ಸಾಲಿನಲ್ಲಿ ಆ ತಟ್ಟೆಗೆ ಜಾಗವಿರಲಿಲ್ಲ. ಸತ್ಯವೇದ, ಅಂದರೆ ಬೈಬಲ್, ದೇವರ ಮಾತು, ಅದರಲ್ಲಿ ತಪ್ಪಿಲ್ಲ. ದೇವರು ಒಬ್ಬನೇ, ತಂದೆ ಮಗ ಪವಿತ್ರಾತ್ಮ ಎಂದು ಮೂವರಾಗಿ. ಎಲ್ಲರೂ ಪಾಪಿಗಳು. ಯೇಸು ನಮ್ಮ ಬದಲಿಗೆ ಸತ್ತು ಎದ್ದ. ಐದನೆಯ ಸಾಲನ್ನು ನಾನು ಈಗಲೂ ಮರೆತಿಲ್ಲ: ರಕ್ಷಣೆ ನಂಬಿಕೆಯಿಂದ ಮಾತ್ರ, ಮನುಷ್ಯರ ಒಳ್ಳೆಯ ಕೆಲಸಗಳಿಂದಲ್ಲ. ನಂಬಿದವರಿಗೆ ನೀರಿನಲ್ಲಿ ಪೂರ್ತಿ ಮುಳುಗಿಸಿ ದೀಕ್ಷಾಸ್ನಾನ. ತಲೆಗೆ ನೀರು ಚಿಮುಕಿಸಿದರೆ ಅದು ಲೆಕ್ಕಕ್ಕಿಲ್ಲ. ಆಮೇಲೆ ಪವಿತ್ರಾತ್ಮನ ಮಾತು, ಯೇಸು ಮತ್ತೆ ಬರುವ ಮಾತು. ಕೊನೆಯ ಸಾಲು, ನಂಬಿದವರಿಗೆ ನಿತ್ಯಜೀವ, ನಂಬದವರಿಗೆ ನಿತ್ಯದಂಡನೆ, ಅಂದರೆ ಆರದ ಬೆಂಕಿ. ಆ ಮಂದಿರದ ಪಾಸ್ಟರ್ ಕೆಟ್ಟ ಮನುಷ್ಯನಲ್ಲ. ರೋಗಿಗಳನ್ನು ತನ್ನ ಮೊಪೆಡ್ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ಯುತ್ತಿದ್ದವರು. ಮೆತ್ತಗಿನ ದನಿ. ಆ ಮೆತ್ತಗಿನ ದನಿಯಲ್ಲೇ ಒಂದು ಭಾನುವಾರ ಮಕ್ಕಳಿಗೆ ಹೇಳಿದರು: "ನಿಮ್ಮ ಮನೇಲಿ ನಂಬದೇ ಇರೋರು ಯಾರಿದ್ದಾರೆ ನೋಡ್ಕೊಳ್ಳಿ. ನೀವು ಹೇಳ್ದೆ ಅವರು ಸತ್ತೋದ್ರೆ ಆ ರಕ್ತಕ್ಕೆ ನೀವೇ ಉತ್ತರ ಕೊಡ್ಬೇಕು."

ಹತ್ತು ವರ್ಷದ ಮಗುವಿಗೆ ಹೇಳುವ ಮಾತೇ ಇದು? ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ. ಆವತ್ತು ವಾಪಸ್ಸು ರೈಲಿನಲ್ಲಿ ನಾನು ಕಡಲೆಕಾಯಿ ಮುಟ್ಟಲಿಲ್ಲ. ಮನೆಗೆ ಬಂದರೆ ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಕೈ ನೋಡಿದೆ, ಬೆಂಕಿ ಕಂಡಿತು. ರಾತ್ರಿ ಅವಳ ಪಕ್ಕ ಮಲಗಿದರೆ ಉಸಿರು ನಿಂತಿತೋ ಎಂದು ಎದೆಗೆ ಕಿವಿ ಕೊಟ್ಟು ಕೇಳುತ್ತಿದ್ದೆ. ಹೀಗೆ ಎರಡು ತಿಂಗಳು. ಊಟ ಸೇರದೆ ನಾನು ಕಡ್ಡಿಯಾದೆ. ದೃಷ್ಟಿಯಾಗಿದೆ ಎಂದು ಅಜ್ಜಿ ಅಮ್ಮನಿಗೆ ಕಾಣದ ಹಾಗೆ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಅದನ್ನು ನೋಡಿ ನನಗೆ ಇನ್ನೂ ಭಯವಾಯಿತು; ಇವಳ ಪಾಪ ನನ್ನಿಂದಲೇ ಹೆಚ್ಚುತ್ತಿದೆಯಲ್ಲ ಎಂದು.

ಬೇಸಿಗೆ ರಜೆಯ ಒಂದು ಮಧ್ಯಾಹ್ನ, ಅಪ್ಪ ಅಮ್ಮ ರೇಷ್ಮೆಗೂಡು ತಗೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿದ್ದಾಗ, ಅಜ್ಜಿಯನ್ನು ತೋಟಕ್ಕೆ ಕರೆದುಕೊಂಡು ಹೋದೆ. ಪಂಪು ಓಡುತ್ತಿತ್ತು, ತೊಟ್ಟಿ ತುಂಬಿತ್ತು. ದೀಕ್ಷಾಸ್ನಾನ ಕೊಡಬೇಕಾದವರು ಯಾರು ಎಂದು ಗೋಡೆಯ ಮೇಲೆ ಬರೆದಿರಲಿಲ್ಲ, ಹಾಗಾಗಿ ನಾನೇ ಕೊಡಬಹುದು ಎಂದುಕೊಂಡಿದ್ದೆ. "ಅಜ್ಜೀ, ಇದರೊಳಗೆ ಇಳಿ" ಎಂದೆ. ಅವಳು ನನ್ನ ಮುಖ ನೋಡಿದಳು. ಯಾಕೆ ಏನು ಎಂದು ಕೇಳಲಿಲ್ಲ. ಸೀರೆ ಸೊಂಟಕ್ಕೆ ಸಿಕ್ಕಿಸಿ, ನನ್ನ ಭುಜ ಹಿಡಿದುಕೊಂಡು ಇಳಿದಳು. ನಾನೂ ಇಳಿದೆ. ಸೊಂಟದ ಮಟ್ಟದ ತಣ್ಣನೆ ನೀರಿನಲ್ಲಿ ನಿಂತು, ಹಲ್ಲು ಕಟಕಟ ಎನ್ನುತ್ತಿದ್ದ ಮುದುಕಿಗೆ ಒಂಬತ್ತು ಸಾಲನ್ನೂ ಒಂದೂ ಬಿಡದೆ ಒಪ್ಪಿಸಿದೆ.

"ಇಷ್ಟೊಂದಾ?" ಎಂದಳು ಅಜ್ಜಿ. "ನಂಗೆ ಒಂದೂ ತಲೆಗೆ ಹೋಗ್ಲಿಲ್ಲ ಕಣಮ್ಮ."

"ನಂಬ್ತೀನಿ ಅನ್ನು ಸಾಕು. ಇಲ್ದಿದ್ರೆ ಬೆಂಕಿಗೆ ಹಾಕ್ತಾರೆ."

"ಇದಕ್ಕೇನೇ ನೀನು ಊಟ ಬಿಟ್ಟಿರೋದು?"

ನಾನು ತಲೆಯಾಡಿಸಿ ಅಳತೊಡಗಿದೆ. ಅಜ್ಜಿ ಒದ್ದೆ ಕೈಯಲ್ಲೇ ನನ್ನ ಮೂಗು ಒರೆಸಿದಳು. "ಆ ಕಡೆ, ಬೆಂಕಿ ಇಲ್ದೇ ಇರೋ ಜಾಗದಲ್ಲಿ ನೀನಿರ್ತೀಯಾ?"

"ಇರ್ತೀನಿ."

"ನಿಮ್ಮಮ್ಮ?"

"ಅಮ್ಮಾನೂ ಇರ್ತಾಳೆ."

"ಸರೇಲೇ ಪೋ, ಆಯ್ತು. ನಂಬಿದ್ದೀನಿ. ಈಗ ಏನ್ ಮಾಡ್ತೀಯೋ ಬೇಗ ಮಾಡು, ಚಳಿ."

ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಎಂದು ಹೇಳಿ ಅವಳ ಹೆಗಲು ಅಮುಕಿದೆ. ಅವಳು ಕುತ್ತಿಗೆಯವರೆಗೂ ಕೂತಳು. ತಲೆ ಅಮುಕಲು ಹೋದಾಗ ನೀರು ಮೂಗಿಗೆ ಹೋಗಿ ಕೆಮ್ಮಿದಳು. ಹೆದರಿ ಕೈ ಬಿಟ್ಟೆ. ಬೊಗಸೆಯಲ್ಲಿ ನೀರು ತಗೊಂಡು ನೆತ್ತಿಗೆ ಸುರಿದು ಮುಗಿಸಿದೆ. ಲೆಕ್ಕಕ್ಕಿಲ್ಲದ ಸ್ನಾನ ಎಂದು ನನಗೆ ಆಗಲೇ ಗೊತ್ತಿತ್ತು. ಆದರೂ ಆವತ್ತು ಅಜ್ಜಿಯ ಜೊತೆ ಕೂತು ಎರಡು ಮುದ್ದೆ ತಿಂದೆ. ಅವಳು ಅಮ್ಮನಿಗೆ, "ನಿನ್ ಮಗಳು ತೊಟ್ಟೀಲಿ ನನ್ನ ನಿಮ್ಮ ಜಾತಿಗೆ ಸೇರಿಸಿದ್ಲು" ಎಂದು ನಕ್ಕು ಹೇಳಿದಳು. ಅಮ್ಮ ನಗಲಿಲ್ಲ. ಅಜ್ಜಿಯನ್ನೇ ನೋಡುತ್ತ ನಿಂತಳು.

ದೀಪಾವಳಿ ಕಳೆದ ಮೇಲೆ ಅಜ್ಜಿ ಹೋದಳು. ಕಾಯಿಲೆಯಿಲ್ಲ, ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಮುಂದಿನ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ನಾನು ಪಾಸ್ಟರ ಮುಂದೆ ಹೋಗಿ ನಿಂತೆ. ಅಮ್ಮ ನನ್ನ ಹಿಂದೆಯೇ ಇದ್ದಳು. ತೊಟ್ಟಿಯ ವಿಷಯ ಹೇಳಿದೆ, ಅಜ್ಜಿ ಆಡಿದ ಮಾತೆಲ್ಲ ಹೇಳಿದೆ, ತಲೆ ಮುಳುಗಲಿಲ್ಲ ಎಂಬುದೊಂದನ್ನು ಮಾತ್ರ ನುಂಗಿಕೊಂಡೆ. ಅಜ್ಜಿ ಈಗ ಎಲ್ಲಿದ್ದಾಳೆ ಎಂದು ಕೇಳಿದೆ. ಅವರು ಮಂಡಿಯೂರಿ ಕೂತು ನನ್ನ ಎರಡೂ ಕೈ ಹಿಡಿದುಕೊಂಡರು. "ನೋಡಮ್ಮ, ಸುಳ್ಳು ಹೇಳಿ ಸಮಾಧಾನ ಮಾಡಬಾರದು. ಅವರು ನಿನ್ನ ಮೇಲಿನ ಪ್ರೀತಿಗೆ ಇಳಿದ್ರು. ಯೇಸುವನ್ನ ನಂಬಿ ಇಳೀಲಿಲ್ಲ. ಅದು ಸ್ನಾನ ಅಷ್ಟೇ" ಎಂದರು.

ಕೇಳಿದಿರಾ? ಪ್ರೀತಿಗೆ ಇಳಿದಳಂತೆ, ಅದಕ್ಕೆ ಅದು ಲೆಕ್ಕಕ್ಕಿಲ್ಲವಂತೆ! ನಿಮ್ಮನ್ನೂ ಯಾರೋ ಹೀಗೆ ಸಾಕಿರುತ್ತಾರೆ, ಈಗ ಇಲ್ಲದವರು. ಅವರ ಬಗ್ಗೆ ಒಬ್ಬ ಮನುಷ್ಯ ಇಷ್ಟು ಮೆತ್ತಗೆ, ಇಷ್ಟು ಖಚಿತವಾಗಿ ಈ ಮಾತು ಹೇಳಿದರೆ ನೀವೇನು ಮಾಡುತ್ತಿದ್ದಿರೋ ಗೊತ್ತಿಲ್ಲ. ನಾನು ಕೈ ಕಿತ್ತುಕೊಂಡು ಸ್ಟೇಷನ್ನಿನವರೆಗೂ ಓಡಿದೆ. ಮತ್ತೆ ಆ ಚಾಪೆಯ ಮೇಲೆ ಕೂರಲಿಲ್ಲ. ಅಮ್ಮ ಹೊಡೆದಳು, ಬೇಡಿಕೊಂಡಳು, ಕೊನೆಗೆ ಒಬ್ಬಳೇ ಹೋಗತೊಡಗಿದಳು. ಈಗ ಆ ಮನೆಯಿಲ್ಲ. ತೋಟವನ್ನು ಮಟ್ಟ ಮಾಡಿ ಸೈಟು ಹಾಕಿದ್ದಾರೆ. ತೊಟ್ಟಿ ಇದ್ದ ಕಡೆ ಯಾರದೋ ಮನೆಯ ಕಾಂಪೌಂಡು ಎದ್ದಿದೆ. ಅಪ್ಪನೂ ಇಲ್ಲ.

ಹೋದ ವರ್ಷ ಅಮ್ಮ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿದ್ದಳು. ತಾನು ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಭಯವಿರಲಿಲ್ಲ. ಒಂದು ಮಧ್ಯಾಹ್ನ ನಾನು ಮೂಸಂಬಿ ಬಿಡಿಸುತ್ತಿದ್ದಾಗ ಕೈ ಹಿಡಿದು ನಿಲ್ಲಿಸಿದಳು.

"ನೀನು ಬರ್ತೀಯಾ ತಾನೆ ಆ ಕಡೆಗೆ?"

ಇಪ್ಪತ್ತೇಳು ವರ್ಷದ ಸಿಟ್ಟು ನಾಲಿಗೆಗೆ ಬಂತು. "ಅಜ್ಜಿ ಇಲ್ಲದ ಕಡೆ ನಾನು ಬರಲ್ಲಮ್ಮ" ಎಂದೆ.

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ನಿದ್ದೆ ಹೋದಳು ಎಂದುಕೊಂಡೆ. ಆ ಕಡೆ ತಿರುಗಿಕೊಂಡೇ ಕೇಳಿದಳು. "ಅವತ್ತು ತೊಟ್ಟೀಲಿ ನಿಮ್ಮಜ್ಜಿ ನಂಬಿದ್ದೀನಿ ಅಂದಿದ್ದು ನಿಜ ತಾನೆ?"

"ನಿಜ."

"ಪಾಸ್ಟರ್ ಹೇಳಿದ್ದು ತಪ್ಪಿರಬೋದು ಕಣೇ. ಬಾಯಲ್ಲಿ ಅಂದ್ರಲ್ಲ. ನಾನು ದಿನಾ ದೇವರ ಹತ್ರ ಇದನ್ನೇ ಹೇಳ್ತಾ ಬಂದಿದ್ದೀನಿ." ಉಸಿರು ಎಳೆದುಕೊಂಡಳು. "ತಲೆ? ತಲೆ ಪೂರ್ತಿ ಮುಳುಗಿತ್ತಾ?"

ಇಷ್ಟು ವರ್ಷ ಇವಳು ಒಬ್ಬಳೇ, ತನ್ನ ಒಂಬತ್ತು ಸಾಲನ್ನೂ ಬಿಡದೆ, ಅದೇ ಸಾಲುಗಳ ಸಂದಿಯಿಂದ ಅತ್ತೆಯನ್ನು ಒಳಗೆ ಸೇರಿಸಲು ಒದ್ದಾಡಿದ್ದಾಳೆ. ನನಗೆ ಆ ಗೋಡೆಯನ್ನು ಕೈಯಿಂದಲೇ ಕೆಡವಬೇಕು ಎನ್ನುವಷ್ಟು ಸಿಟ್ಟು ಬಂತು.

"ಮುಳುಗಿತ್ತಮ್ಮ" ಎಂದೆ. "ಪೂರ್ತಿ ಮುಳುಗಿಸಿದ್ದೆ. ಒಂದು ಕೂದಲೂ ಮೇಲಿರಲಿಲ್ಲ."

"ದೇವರಿಗೆ ಸ್ತೋತ್ರ" ಎಂದಳು ಅಮ್ಮ. ತಿರುಗಿ, ನನ್ನ ಕೈಯಿಂದ ಒಂದು ತೊಳೆ ಮೂಸಂಬಿ ತಗೊಂಡು ತಿಂದಳು.