ವಕೀಲರ ಊರಿನ ಸಂತೆ

ಯುರೋಪಿನ ಆರು ದೇಶಗಳು ಸುಂಕದ ಗೋಡೆ ಕೆಡವಿ ಒಂದೇ ಮಾರುಕಟ್ಟೆ ಕಟ್ಟುತ್ತಿದ್ದ ಕಾಲ. ಆರಕ್ಕೂ ಸೇರಿ ಒಂದು ನ್ಯಾಯಾಲಯವಿತ್ತು. ಆ ಮಾರುಕಟ್ಟೆಯ ಕಾನೂನನ್ನು ನನಗೆ ಕಲಿಸಿದವರು ಕೆ.ಆರ್. ನಗರದಲ್ಲಿ ನೆಲೆಸಿದ್ದ ಹಿರಿಯ ವಕೀಲರೊಬ್ಬರು. ಕೋಟಿನ ತೋಳು ಮೇಲಕ್ಕೆಳೆದುಕೊಂಡು, "ಒಪ್ಪಿದ್ಮೇಲೆ ಒಪ್ಪಿದ್ದೇ ಕಣಯ್ಯ," ಎನ್ನುತ್ತಿದ್ದರು.

"ಅಲ್ಲಿನ ನ್ಯಾಯಾಧೀಶರು ಸ್ವಂತ ದೇಶದ ವಿರುದ್ಧ ತೀರ್ಪು ಕೊಡ್ತಾರಾ ಸಾರ್?" ಎಂದು ಒಮ್ಮೆ ಕೇಳಿದೆ. ಅವರು ಕೊಡೆ ಎತ್ತಿಕೊಂಡರು. "ನಡಿ, ನಮ್ಮೂರ್ಗೆ ಹೋಗ್ಬರೋಣ."

ಅಲ್ಲಿ ಸುತ್ತಲಿನ ಊರುಗಳ ಪಂಚಾಯ್ತಿ ಸೇರಿ, ನ್ಯಾಯ ಹೇಳಲು ಇವರನ್ನೇ ಕರೆದಿತ್ತು. ಬೇರೆ ಊರಿನವರ ಬುಟ್ಟಿಯಿಂದ ಸಂತೆಯ ಸುಂಕವೆಂದು ಹಿಡಿ ಸೊಪ್ಪು ಎತ್ತಬಾರದೆಂದು ಎಲ್ಲ ಊರುಗಳೂ ಒಪ್ಪಿದ್ದವು. ಆದರೂ ವಕೀಲರ ಊರಿನವರು ಎತ್ತಿದ್ದರು. ಪಕ್ಕದೂರಿನ ಸೊಪ್ಪಿನ ಹೆಂಗಸು ದೂರು ತಂದಿದ್ದಳು.

"ಒಪ್ಪಂದ ಆಗಿದ್ದು ಊರೂರ್ ಮಧ್ಯೆ. ಕೇಳಕ್ಕೆ ಇವ್ಳ್ಯಾರು?" ಎಂದರು ಊರ ಯಜಮಾನರು. ಅವರು ವಕೀಲರ ಸ್ವಂತ ಅಣ್ಣ.

"ಬುಟ್ಟಿ ಅವಳ್ದು ಕಣಣ್ಣ, ಕೇಳೋ ಹಕ್ಕೂ ಅವಳ್ದೇ. ಒಪ್ಪಿದ್ಮೇಲೆ ಒಪ್ಪಿದ್ದೇ. ತಪ್ಪು ನಮ್ಮೂರ್ದು," ಎಂದರು ವಕೀಲರು, ತೋಳು ಮೇಲಕ್ಕೆಳೆದುಕೊಂಡು.

ಮರಳುವಾಗ ಆ ಊರಿನ ಯಾವ ಗಾಡಿಯೂ ನಮ್ಮನ್ನು ಹತ್ತಿಸಿಕೊಳ್ಳಲಿಲ್ಲ. ವಕೀಲರು ಬಿಸಿಲಿಗೆ ಕೊಡೆ ಬಿಚ್ಚಿ ಬಿರುಸಾಗಿ ಹೆಜ್ಜೆ ಹಾಕಿದರು.

"ತೀರ್ಪು ಕೊಡ್ತಾರಾ ಅಂತ ಕೇಳ್ದಲ್ಲಯ್ಯ, ಕೊಡ್ತಾರೆ. ಆಮೇಲೆ ಮನೆಗೆ ನಡ್ಕೊಂಡೇ ಹೋಯ್ತಾರೆ."